ಕುಂಬಾರಗಿತ್ತಿಯ ಪೆಟ್ಟಿಗೆ

“ಗುರುಗಳೇ, ನನ್ನ ಫೋಟೊ, ಬರಹ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಜೋಪಾನ ಮಾಡುವ ಕಂಪನಿಯೊಂದಕ್ಕೆ ಒಪ್ಪಿಸಿದ್ದೇನೆ. ಫೋನು ಬಾವಿಗೆ ಬಿದ್ದರೂ ಒಂದೂ ಕಳೆಯದು. ಅವರು ತೆರೆದು ನೋಡುತ್ತಾರಂತೆ. ನೋಡಿದರೇನು, ನಾನೇನು ಕಳ್ಳನೇ?” ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಕುಂಬಾರಗಿತ್ತಿ ಇದ್ದಳು. ಮದುವೆಯಾಗಿ ಬಹುಕಾಲ ಮಕ್ಕಳಿರಲಿಲ್ಲ. ಹರಕೆ ಹೊತ್ತು ಹೊತ್ತು ಸಾಕಾಗಿ ಸುಮ್ಮನಾದ ಮೇಲೆ ಬಸಿರಾದಳು. ಹಿಗ್ಗಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಡಕೆ ಸುಡುವ ಆವಿಗೆಯನ್ನು ತೆರೆಯುವ ದಿನ ಗಂಡ ಮೊದಲ ಮಡಕೆಯನ್ನು ಬೆರಳಿಂದ ತಟ್ಟಿ, ಠಣ್ಣೆಂದರೆ ನಗುತ್ತಾನಲ್ಲ, ಆಗಲೇ ಅವನ ಕಿವಿಯಲ್ಲಿ ಹೇಳಬೇಕೆಂದುಕೊಂಡಳು. ಅಲ್ಲಿಯವರೆಗೆ ಗುಟ್ಟಾಗಿ ಮಗುವಿಗೊಂದು ಕುಲಾವಿ ಹೊಲಿದಳು. ಆದರೆ ಅವಳದು ಹುಲ್ಲಿನ ಮನೆ, ಪಕ್ಕದಲ್ಲೇ ಬೆಂಕಿ. ಕಿಡಿ ಹಾರಿದರೆ? ಊರವರ ಪೆಟ್ಟಿಗೆಗಳನ್ನು ಕಲ್ಲಿನ ಕೋಣೆಯಲ್ಲಿ ಕಾಯುವ ವರ್ತಕನೊಬ್ಬನಿದ್ದ. ಕುಲಾವಿಯನ್ನು ಪೆಟ್ಟಿಗೆಯಲ್ಲಿಟ್ಟು ಅವನಿಗೆ ಕೊಟ್ಟಳು.

“ಬೀಗ ಬೇಡಮ್ಮ. ಹುಳು ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕಬೇಕು,” ಎಂದ ವರ್ತಕ.

ಆವಿಗೆ ಇನ್ನೂ ಆರಿರಲಿಲ್ಲ. ಒಂದು ಬೆಳಗ್ಗೆ ತೊಟ್ಟಿಲು ಮಾರುವವನು ಬಾಗಿಲಿಗೆ ಬಂದ. ಅವನ ಹಿಂದೆಯೇ ಬಾಣಂತಿಯರಿಗೆ ಅಂಟಿನುಂಡೆ ಮಾರುವವಳು, ಸೀಮಂತದ ಬಳೆ ತೊಡಿಸುವ ಬಳೆಗಾರ.

“ಯಾರಿಗಪ್ಪ ತೊಟ್ಟಿಲು?” ಎಂದ ಗಂಡ.

“ನಿಮಗೇ! ವರ್ತಕರು ಹೇಳಿದರು.”

ಗಂಡ ಹಿಗ್ಗಿ ತೊಟ್ಟಿಲು ಮಾರುವವನನ್ನೇ ಅಪ್ಪಿಕೊಂಡ. ಅವಳು ಒಳಗೆ ನಿಂತು ಅತ್ತಳು. ಆ ಅಪ್ಪುಗೆ ತನ್ನದಾಗಬೇಕಿತ್ತು.

ವರ್ತಕನನ್ನು ಕೇಳಿದರೆ, “ಒಂದು ನೂಲೂ ಕಡಿಮೆಯಾಗಿಲ್ಲ, ಬೇಕಾದರೆ ನೋಡಿಕೋ,” ಎಂದ. ನಿಜವೇ, ಕಡಿಮೆಯಾಗಿರಲಿಲ್ಲ.

ಮಗು ಹುಟ್ಟಿತು, ಓಡಾಡಿತು. ಅವಳು ಮತ್ತೆ ಬಸಿರಾಗಿ, ಹೊಸ ಕುಲಾವಿಯ ಪೆಟ್ಟಿಗೆ ಹೊತ್ತು ವರ್ತಕನಲ್ಲಿಗೆ ಹೋದಳು. ಕಲ್ಲಿನ ಕೋಣೆಗಿಂತ ಭದ್ರವಾದ ಜಾಗ ಊರಲ್ಲಿ ಇನ್ನೊಂದಿರಲಿಲ್ಲ. ಈ ಸಲ ಹುಳು ಬಾರದಂತೆ ಒಳಗೆ ಬೇವಿನ ಸೊಪ್ಪು ಹಾಕಿ, ಹೊರಗೆ ಬೀಗ ಜಡಿದಿದ್ದಳು. ವರ್ತಕ ಪೆಟ್ಟಿಗೆಯನ್ನು ಅಲ್ಲಾಡಿಸಿದ, ಮೂಸಿದ. ಬೇವಿನ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಆವಿಗೆ ತೆರೆದ ದಿನ ಅವಳು ಗಂಡನ ಕಿವಿಯಲ್ಲಿ ಹೇಳಿದಳು. ಅವನು ಕೈಯಲ್ಲಿದ್ದ ಮಡಕೆಯನ್ನು ಬಿಟ್ಟೇಬಿಟ್ಟ. ಒಡೆದ ಚೂರುಗಳ ನಡುವೆ ನಿಂತು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಶಿಷ್ಯನೂ ನಕ್ಕ. “ಜಾಣೆ! ಕೀಲಿಕೈ ಎಲ್ಲಿಟ್ಟಿದ್ದಳು, ಗುರುಗಳೇ?”

“ತನ್ನ ಸೊಂಟದಲ್ಲಿ,” ಎಂದರು ಗುರುಗಳು. “ನಿನ್ನದು ಯಾರ ಸೊಂಟದಲ್ಲಿದೆ?”