ಕನ್ನಡಿಗೊಂದು ಚರ್ಮದ ಚೀಲ

ನರಿರಾಯನಿಗೆ ಕಾಡಂಚಿನಲ್ಲಿ ಒಂದು ಕೈಗನ್ನಡಿ ಸಿಕ್ಕಿತು. ಅದರಲ್ಲಿ ತನ್ನ ಮುಖ ಅಷ್ಟು ಚೆಂದ ಕಂಡ ಮೇಲೆ, ಅದಕ್ಕೊಂದು ಚರ್ಮದ ಚೀಲವನ್ನು ತಾನೇ ಹೊಲಿಯಬೇಕೆನಿಸಿತು. ಯಾವ ಚರ್ಮ ಒಳ್ಳೆಯದೆಂದು ಬಲ್ಲವರನ್ನು ಕೇಳಲು ಹೊರಟ.

"ಮೇಕೆ ಚರ್ಮ ಹೇಗೆ?" ಎಂದು ಮೇಕೆಯನ್ನೇ ಕೇಳಿದ.

"ಅಯ್ಯೋ, ಬಲು ತೆಳು, ಬೇಗ ಹರಿದೀತು. ಗಟ್ಟಿ ಬೇಕಾದರೆ ಎಮ್ಮೆಯದು," ಎಂದಿತು ಮೇಕೆ.

ಎಮ್ಮೆ ಮೆಲುಕು ನಿಲ್ಲಿಸಿತು. "ನನ್ನದು ಬರೀ ಒರಟು, ನರಿರಾಯರೇ. ಸೂಜಿ ಮುರಿದೀತು. ನಿಮ್ಮಂಥ ರಸಿಕರಿಗೆ ಜಿಂಕೆಯದೇ ಸರಿ."

ಜಿಂಕೆ ದೂರದಿಂದಲೇ ಕೂಗಿತು: "ನನ್ನದು ಚುಕ್ಕೆ ಚುಕ್ಕೆ, ಕೊಳೆ ಹಿಡಿದಂತೆ ಕಾಣುತ್ತದೆ! ನೀರು ತಡೆಯುವುದು ಮೊಸಳೆಯದು."

ಇಷ್ಟೊಂದು ಸಲಹೆ ಸಿಕ್ಕಿದ್ದಕ್ಕೆ ಹಿಗ್ಗಿ ನರಿರಾಯ ಹೊಳೆಗೆ ಹೋದ. ಮೊಸಳೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿತು.

"ಚೀಲದ ಬಾಯಿ ಮುಚ್ಚಲು ಕೊಂಡಿಯ ಚಿಂತೆ ಬಿಡಿ. ನನ್ನ ಹಲ್ಲುಗಳಿವೆ, ಕಚ್ಚಿದರೆ ಬಿಡುವುದಿಲ್ಲ. ಚರ್ಮಕ್ಕಾದರೆ ನರಿಯದನ್ನು ಮೀರಿದ್ದಿಲ್ಲ. ಸ್ವಲ್ಪ ಹತ್ತಿರ ಬನ್ನಿ, ಅಳತೆ ನೋಡೋಣ."

ನರಿರಾಯ ಬಾಲದ ತುದಿಯ ಕೂದಲನ್ನು ಮೊಸಳೆಯ ಹಲ್ಲಿನಲ್ಲೇ ಬಿಟ್ಟು ಓಡಿದ. ಏದುಸಿರು ಇಳಿದ ಮೇಲೆ ಕನ್ನಡಿಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ. ಚೀಲಕ್ಕೆ ಚರ್ಮ ಬಳಸುವುದು ಮಹಾಪಾಪವೆಂದು ಅಂದಿನಿಂದ ಕಾಡಿಗೆಲ್ಲ ಉಪದೇಶ ಮಾಡುತ್ತಾ ತಿರುಗಿದ.

ಮುತ್ತುಗದ ಮರದ ಅಭಿಪ್ರಾಯವನ್ನು ಮಾತ್ರ ಅವನು ಕೇಳಲಿಲ್ಲ.