ಒಂದು ಗಡಿಗೆ ಮಳೆ

ಮಾಳಪ್ಪನ ಮೀಸೆ ಈಗ ನರೆತಿದೆ. ಆದರೂ ಜೇಡಿಮಣ್ಣು ನೆನೆದ ವಾಸನೆ ಬಂದರೆ ಸಾಕು, ಜೀವ ಹೊಳೆದಂಡೆಯ ಆ ಆಶ್ರಮಕ್ಕೆ ಓಡುತ್ತದೆ. ಗುರು ಅಡವಯ್ಯನವರ ಬೈಗುಳಕ್ಕೂ ಕಿವಿ ಹಾತೊರೆಯುತ್ತದೆ.

ಕೆರೆ, ಕಾಲುವೆ ಕಟ್ಟುವ ವಿದ್ಯೆಯನ್ನು ಅಯ್ಯನವರು ಅಲ್ಲಿ ಕಲಿಸುತ್ತಿದ್ದರು. ಪಕ್ಕದ ಊರಿನ ಮಳೆನೀರು ಹರಿದುಹೋಗಲು ಚರಂಡಿ ಕಟ್ಟಿಸುವುದು ಮಾಳಪ್ಪನ ಪಾಲಿಗೆ ಬಂದ ಮೊದಲ ಕೆಲಸ.

ಹುಮ್ಮಸ್ಸಿನಲ್ಲಿ ಅವನು ಜೇಡಿಮಣ್ಣಿನಿಂದ ಇಡೀ ಊರನ್ನೇ ಮಾಡಿದ್ದ. ದಿಬ್ಬದ ಮೇಲೆ ಮೇಲುಗೇರಿ, ತಗ್ಗಿನಲ್ಲಿ ಕೆಳಗೇರಿಯ ಗುಡಿಸಲುಗಳು, ಮೇಲಿಂದ ಕೆಳಗಿನತನಕ ಬೆರಳಿನಿಂದ ಗೀರಿದ ಚರಂಡಿ. ಮರುದಿನ ಊರ ಹಿರಿಯರು ಬಂದು ನೋಡಿ ಒಪ್ಪಿದರೆ ಅಗೆತ ಶುರು.

ಆ ಮಣ್ಣಿನ ಊರಿನ ಮೇಲೆ ಜರಡಿ ಕಟ್ಟಿ, ಗಡಿಗೆಯ ನೀರನ್ನು ಒಂದೇ ಸಮನೆ ಹೊಯ್ದ. ನೀರು ಚರಂಡಿಯೊಳಗೇ ಹರಿದುಹೋಯಿತು. ಒಂದು ಗುಡಿಸಲೂ ಕದಲಲಿಲ್ಲ.

ಅಯ್ಯನವರು ನಕ್ಕರು. "ನಿನ್ನ ಮೋಡ ಬಹಳ ಸಂಭಾವಿತ ಕಣೋ. ಎಲ್ಲಿಂದ ಹಿಡಿದು ತಂದೆ?"

ಮಣ್ಣು ಆರಲೆಂದು ಇಬ್ಬರೂ ಬಿಸಿಲಲ್ಲಿ ಹುರಿಗಡಲೆ ತಿನ್ನುತ್ತ ಕೂತರು. ಆ ಹುರಿಗಡಲೆಯ ರುಚಿ ಮಾಳಪ್ಪನಿಗೆ ಮತ್ತೆಲ್ಲೂ ಸಿಗಲಿಲ್ಲ.

ಆಮೇಲೆ ಅಯ್ಯನವರು ಅದೇ ಗಡಿಗೆ ತುಂಬಿಸಿಕೊಂಡು ಎದ್ದರು. ಮೊದಲು ಸಣ್ಣಗೆ ಹೊಯ್ದರು. ಮಣ್ಣು ಕುಡಿದು ಕುಡಿದು ಸಾಕೆಂದಿತು. ಆಗ ಗಡಿಗೆಯನ್ನು ಬಗ್ಗಿಸಿಬಿಟ್ಟರು. ತಳದಲ್ಲಿ ಉಳಿದದ್ದನ್ನು ಹನಿಹನಿಯಾಗಿ ಬಿಟ್ಟರು.

ಚರಂಡಿ ಉಕ್ಕಿತು. ಮೇಲುಗೇರಿ ಹಾಗೇ ನಿಂತಿತ್ತು. ಕೆಳಗೇರಿ ಕೆಸರಾಗಿತ್ತು.

ನೀರು ಅಷ್ಟೇ, ಗಡಿಗೆಯೂ ಅದೇ, ಇದು ಅನ್ಯಾಯ ಎಂದು ಮಾಳಪ್ಪ ಗೊಣಗಿದ. ನೀರು ಅಷ್ಟೇ ಎಂದು ಅಯ್ಯನವರೂ ಒಪ್ಪಿದರು. ಆದರೆ ಅಳೆದು ಹಂಚಿದ ಹಾಗೆ ಬೀಳುವ ಮಳೆಯನ್ನು ಯಾವ ಊರಲ್ಲಿ ಕಂಡೆ ಎಂದು ಕೇಳಿದರು.

"ಇಂಥ ಮಳೆ ಅಪರೂಪ, ಅಯ್ಯನವರೇ. ಇದಕ್ಕೆಂದು ಚರಂಡಿ ಅಗಲಿಸಿದರೆ ಮೇಲುಗೇರಿಯವರ ಅಂಗಳ ಹೋಗುತ್ತದೆ. ಹಿರಿಯರೆಲ್ಲ ಅಲ್ಲಿಯವರೇ. ಒಪ್ಪುವುದಿಲ್ಲ."

"ಅಪರೂಪ ಎಂದು ಯಾರು ಹೇಳಿದರು?"

"ಆ ಹಿರಿಯರೇ."

"ಅವರ ಮನೆಯೊಳಗೆ ನೀರು ನುಗ್ಗಿದ್ದು ಯಾವಾಗ?"

ಮಾಳಪ್ಪ ತಲೆ ತಗ್ಗಿಸಿದ. "ಯಾವಾಗಲೂ ಇಲ್ಲ."

ಕೆಸರಾದ ಗುಡಿಸಲುಗಳನ್ನು ನೋಡುತ್ತ ಅವನು ಮೆಲ್ಲಗೆ ಕೇಳಿದ: "ನಾಳೆ ಅವರ ಮುಂದೆ ನೀರು ಹೇಗೆ ಹೊಯ್ಯಲಿ?"

ಅಯ್ಯನವರು ಖಾಲಿ ಗಡಿಗೆಯನ್ನು ಅವನ ಮಡಿಲಿಗಿಟ್ಟರು.

"ನೀನು ಹೊಯ್ಯಬೇಡ. ಕೆಳಗೇರಿಯಿಂದ ಒಬ್ಬ ಮುದುಕಿಯನ್ನು ಕರೆದುಕೊಂಡು ಬಾ. ಹಿರಿಯರ ಮುಂದೆ ಗಡಿಗೆ ಅವಳ ಕೈಗೆ ಕೊಡು."