ಧೂಮಕೇತುವಿಗೆ ಹೆಪ್ಪು ಕೊಟ್ಟವರು ಯಾರು?

ಹೊಳೆಯ ಮೇಲಿನ ಆಕಾಶದಲ್ಲಿ ಧೂಮಕೇತು ಕಾಣಿಸಿಕೊಂಡು ಎಂಟು ದಿನವಾಗಿತ್ತು. ಅಂದಿನಿಂದ ಮಾವಿನ ತೋಪಿನ ಆಶ್ರಮದಲ್ಲಿ ನೆಮ್ಮದಿಯಿರಲಿಲ್ಲ. ತಪ್ಪು ಧೂಮಕೇತುವಿನದಲ್ಲ, ಪಾಪ. ಅದು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಜಗಳ ಗುರುಗಳ ಇಬ್ಬರು ಶಿಷ್ಯರದು. ತಿಪ್ಪೇಶ ಹಿಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ನರಹರಿ ಅರ್ಚಕರ ಮನೆಯವನು. ಹನ್ನೆರಡು ವರ್ಷ ಪಕ್ಕಪಕ್ಕದ ಎಲೆಯಲ್ಲಿ ಉಂಡವರು.

"ಈ ಭೂಮಿ ಮೊದಲು ಬರೀ ಕಾದ ಬಂಡೆ ಕಣಯ್ಯ," ಎಂದಿದ್ದ ತಿಪ್ಪೇಶ. "ಇಂಥ ಧೂಮಕೇತುಗಳು ಬಂದು ಬಿದ್ವು. ಜೀವದ ಬೀಜ ಬಂದದ್ದು ಅವುಗಳ ಮಂಜುಗಡ್ಡೆಯಲ್ಲಿ."

"ಜೀವ ಕೊಟ್ಟವನು ಬ್ರಹ್ಮ. ನಿಮ್ಮ ತಾತ ಬೇಕಾದ್ರೆ ಆಕಾಶದಿಂದ ಬಿದ್ದಿರಬಹುದು," ಎಂದ ನರಹರಿ.

"ನಿಮ್ಮ ತಾತ ಏನು, ಬ್ರಹ್ಮನ ಮೂಗಿನಿಂದ ಉದುರಿದೋರಾ?"

ಅಲ್ಲಿಗೆ ಮಾತು ನಿಂತಿತು. ನರಹರಿಗೆ ನಿಜವಾಗಿಯೂ ನೋವಾಗಿತ್ತು. ಅವನನ್ನು ಎತ್ತಿ ಆಡಿಸಿದವರು ಆ ತಾತನೇ. ಅಂದದ್ದು ಹೆಚ್ಚಾಯಿತು ಎಂದು ತಿಪ್ಪೇಶನಿಗೂ ಅನ್ನಿಸಿತ್ತು, ಆದರೆ ಹೇಳಲು ಬಾಯಿ ಬರಲಿಲ್ಲ.

ಒಂಬತ್ತನೆಯ ದಿನ ಇಬ್ಬರೂ ಗುರುಗಳ ಮುಂದೆ ನಿಂತರು. ಇಬ್ಬರ ಕೈಯಲ್ಲೂ ಬಟ್ಟೆಯ ಗಂಟು.

"ನೀವೇ ತೀರ್ಪು ಹೇಳಿ ಗುರುಗಳೇ," ಎಂದ ನರಹರಿ. "ಅವನು ಸರಿಯಾದ್ರೆ ನಾನು ಹೊರಟೆ. ನಾನು ಸರಿಯಾದ್ರೆ ಅವನು ಹೊರಡಲಿ."

"ಒಪ್ಪಿದೆ," ಎಂದ ತಿಪ್ಪೇಶ.

ಗುರುಗಳಿಗೆ ಎಂಬತ್ತು ದಾಟಿತ್ತು. ಇಬ್ಬರಲ್ಲಿ ಯಾರು ಹೋದರೂ ಅವರ ಎದೆ ಒಡೆಯುತ್ತಿತ್ತು. ಆದರೆ ಅವರು ಅಂದದ್ದು ಬೇರೆ.

"ಊಟ ಆದ್ಮೇಲೆ ಹೇಳ್ತೀನಿ. ಎಲೆ ಹಾಕಿ."

ಹುಳಿ ಆಯಿತು, ಸಾರು ಆಯಿತು. ಕೊನೆಯ ಅನ್ನ ಹಾಕಿಸಿಕೊಂಡು ಗುರುಗಳು ಕಾದು ಕೂತರು.

"ಮೊಸರು?"

ಯಾರೂ ಅಲುಗಲಿಲ್ಲ.

ಆಶ್ರಮದ ಪದ್ಧತಿ ಹೀಗಿತ್ತು: ಹಾಲು ಕಾಯಿಸುವುದು ನರಹರಿ, ನಾಳೆಯ ಹೆಪ್ಪಿಗೆಂದು ಒಂದು ಚಮಚ ಮೊಸರು ಎತ್ತಿಡುವುದು ತಿಪ್ಪೇಶ. ತಿಪ್ಪೇಶ ಮರೆಗುಳಿ, ಆದ್ದರಿಂದ ದಿನವೂ ನೆನಪಿಸುವುದು ಮತ್ತೆ ನರಹರಿ. ಮಾತು ಬಿಟ್ಟವನು ನೆನಪಿಸುವುದು ಹೇಗೆ? ಇಷ್ಟು ದಿನ ಹೇಗೋ ನಡೆದಿತ್ತು, ನಿನ್ನೆ ತಿಪ್ಪೇಶ ಮರೆತೇಬಿಟ್ಟಿದ್ದ. ಮೊಸರಿನ ಗಡಿಗೆಯನ್ನು ತೊಳೆದು ಬೋರಲು ಹಾಕಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಈ ಬ್ರಹ್ಮಚಾರಿಗಳ ಜಗಳದಲ್ಲಿ ಬಡವಾದದ್ದು ಗುರುಗಳ ಎಲೆ.

"ಮೊಸರನ್ನ ಇಲ್ಲದೆ ಊಟ ಮುಗಿಯಲ್ಲ. ಊಟ ಮುಗಿಯದೆ ತೀರ್ಪಿಲ್ಲ," ಎಂದು ಗುರುಗಳು ಕೈ ತೊಳೆದರು.

ಇಬ್ಬರೂ ಗಂಟು ಇಳಿಸಿ ಅಡುಗೆಮನೆಗೆ ಓಡಿದರು. ಇದ್ದ ಹಾಲನ್ನು ಎರಡು ಪಾತ್ರೆಗೆ ಪಾಲು ಮಾಡಿಕೊಂಡರು.

ತಿಪ್ಪೇಶ ಹೆಪ್ಪು ತರಲು ಆಚೆ ದಡದ ಕೆಂಚಮ್ಮನ ಮನೆಗೆ ಹೊರಟ. ಹರಿಗೋಲಿನವನು ಜನ ತುಂಬುವವರೆಗೆ ಕದಲಲಿಲ್ಲ. ದೀಪ ಹಚ್ಚಿದ ಮೇಲೆ ಕೆಂಚಮ್ಮ ಯಾರಿಗೂ ಹೆಪ್ಪು ಕೊಡುವವಳಲ್ಲ. ಯಾವ ಆಚಾರವನ್ನೂ ನಂಬದ ತಿಪ್ಪೇಶ ದಡ ಸೇರಿದವನೇ ಪಂಚೆ ಎತ್ತಿ ಕಟ್ಟಿ ಓಡಿದ.

"ಇಬ್ಬರು ಜ್ಞಾನಿಗಳು ಸೇರಿ ಒಂದು ಚಮಚ ಮೊಸರು ಉಳಿಸಕ್ಕಾಗ್ಲಿಲ್ವಾ?" ಎಂದಳು ಕೆಂಚಮ್ಮ. ತಿಪ್ಪೇಶ ಬಟ್ಟಲು ಮುಂದೆ ಹಿಡಿದ.

ಇತ್ತ ನರಹರಿ, ಕಂಡವರ ಮನೆಯ ಹೆಪ್ಪು ತನಗೆ ಬೇಡ ಎಂದು, ಉಗುರುಬೆಚ್ಚಗಿನ ಹಾಲಿಗೆ ತೊಟ್ಟು ಸಮೇತ ಒಣಮೆಣಸಿನಕಾಯಿ ನಾಲ್ಕು ಹಾಕಿ, ಮುಚ್ಚಿ, ಕೈ ಮುಗಿದು ಕೂತ.

ಮರುದಿನ ಊಟದ ಹೊತ್ತಿಗೆ ಎರಡು ಪಾತ್ರೆಯಲ್ಲೂ ಮೊಸರಾಗಿತ್ತು. ನರಹರಿಯದು ತುಸು ತೆಳ್ಳಗೆ, ಆದರೆ ಮೊಸರೇ. ಗುರುಗಳು ಎರಡನ್ನೂ ಹಾಕಿಸಿಕೊಂಡು ಕಲಸಿದರು.

"ತಿಪ್ಪೇಶ, ನಿನಗೆ ಹೆಪ್ಪು ಎಲ್ಲಿಂದ ಬಂತು?"

"ಕೆಂಚಮ್ಮನ ಮನೆಯಿಂದ."

"ಅವಳಿಗೆ?"

"ಅವಳ ಅತ್ತೆ ಕಾಲದಿಂದ ಇದೆಯಂತೆ."

"ಅತ್ತೆಗೆ?"

ತಿಪ್ಪೇಶ ತಲೆ ಕೆರೆದುಕೊಂಡ.

"ಹಾಗೆ ಕೇಳಿ ಗುರುಗಳೇ!" ಎಂದು ನರಹರಿ ಎಗರಿದ. "ಆ ಧೂಮಕೇತುಗೆ ಹೆಪ್ಪು ಕೊಟ್ಟವರು ಯಾರು ಅಂತಾನೂ ಕೇಳಿ!"

ಗುರುಗಳು ಅವನ ಕಡೆ ತಿರುಗಿದರು.

"ನಿನ್ನ ಹಾಲನ್ನ ಮೊಸರು ಮಾಡಿದ್ದು ಯಾರಪ್ಪ?"

"ಇನ್ಯಾರು? ದೇವರು."

"ಮತ್ತೆ ಮೆಣಸಿನಕಾಯಿ ಯಾಕೆ ಹಾಕಿದೆ?"

ನರಹರಿ ನೆಲ ನೋಡಿದ. "ದೇವರಿಗೆ ಒಂಚೂರು ಸಹಾಯ ಆಗ್ಲಿ ಅಂತ."

ತಿಪ್ಪೇಶ ಗೊಳ್ಳೆಂದು ನಕ್ಕ. ತಡೆಯಲಾಗದೆ ನರಹರಿಯೂ ನಕ್ಕ. ಒಂಬತ್ತು ದಿನದಲ್ಲಿ ಅದೇ ಮೊದಲು. ನಕ್ಕದ್ದು ನೆನಪಾಗಿ ಇಬ್ಬರೂ ಮತ್ತೆ ಮುಖ ಗಂಟು ಹಾಕಿಕೊಂಡರು.

"ಊಟ ಆಯ್ತಲ್ಲ ಗುರುಗಳೇ. ತೀರ್ಪು," ಎಂದ ನರಹರಿ.

ಗುರುಗಳು ಎಲೆಯಲ್ಲಿ ಉಳಿದಿದ್ದ ಕೊನೆಯ ಅಗುಳನ್ನೂ ಬಾಯಿಗೆ ಹಾಕಿಕೊಂಡರು.

"ಜೀವ ಮೊದಲು ಹೇಗೆ ಹುಟ್ಟಿತೋ, ನನಗೆ ಗೊತ್ತಿಲ್ಲ ಕಣ್ರಪ್ಪ."

ಇಬ್ಬರೂ ಕಕ್ಕಾಬಿಕ್ಕಿಯಾದರು. ತಿಪ್ಪೇಶನಿಗೆ ಮೊದಲು ಬಾಯಿ ಬಂತು.

"ನಿಮಗೇ ಗೊತ್ತಿಲ್ಲ ಅಂದ್ರೆ, ಹನ್ನೆರಡು ವರ್ಷ ನಿಮ್ಮ ಹತ್ತಿರ ಕೂತು ನಾವು ಕಲಿತದ್ದೇನು?"

"ಈಗ ನಾನು ಹೇಳಿದ ಆ ಒಂದು ಮಾತು ಕಲಿತಿದ್ರೂ, ನೀವು ಗಂಟು ಕಟ್ತಿರ್ಲಿಲ್ಲ."